ಕಟ್ಟು ಹಾಕಿದ ನಿರ್ಣಯ

ಸತ್ತವರನ್ನೂ ಪಾಸಾದವರನ್ನೂ ಒಂದೇ ಬಗೆಯ ಮರದ ಪಟ್ಟಿಯೊಳಗೆ ಕೂರಿಸುವುದು ಕಟ್ಟಿನಣ್ಣನ ಕಸುಬು. ಕೋರ್ಟಿನ ಹಿಂದಿನ ಬೀದಿಯಲ್ಲಿ ಅವನ ಫೋಟೋ ಕಟ್ಟಿನ ಅಂಗಡಿ. ಮುಂಭಾಗದಲ್ಲಿ ಗಾಜು, ರಟ್ಟು, ಗೋಂದಿನ ವಾಸನೆ; ಹಿಂಭಾಗದಲ್ಲಿ ಎರಡು ಕೋಣೆಯ ಮನೆ. ಕಟ್ಟಿಕೊಂಡವಳು ಒಬ್ಬಳೇ, ಕಟ್ಟು ಹಾಕಿದ್ದಕ್ಕೆ ಲೆಕ್ಕವಿಲ್ಲ. ಮಕ್ಕಳಾಗಲಿಲ್ಲ.

ಅವನಿಗೊಂದು ನಂಬಿಕೆಯಿತ್ತು. ಮನುಷ್ಯ ಬಾಯಲ್ಲಿ ಏನನ್ನಾದರೂ ಆಡಲಿ, ಮೊಳೆ ಹೊಡೆದು ಗೋಡೆಗೆ ತೂಗುಹಾಕಿದ್ದಕ್ಕೆ ಮಾತ್ರ ಅವನು ಬದ್ಧ. ಬಂದುಹೋಗುವವರೆಲ್ಲ ನೋಡುವ ಹಾಗೆ ಹಾಕಿಕೊಂಡ ಮೇಲೆ ಇಲ್ಲವೆನ್ನಲು ನಾಚಿಕೆಯಾಗುವುದಿಲ್ಲವೇ? ಹೆಂಡತಿ ಇದನ್ನು ಕೇಳಿದಾಗಲೆಲ್ಲ ಮೂಗು ಮುರಿಯುತ್ತಿದ್ದಳು.

"ಗಂಡ ಹೆಂಡ್ತಿ ನಗ್ತಾ ನಿಂತಿರೋ ಫೋಟೋ ಎಷ್ಟಕ್ಕೆ ಕಟ್ಟು ಹಾಕಿಲ್ಲ ನೀವು? ಅವರಲ್ಲಿ ಅರ್ಧ ಜನ ಮುಂದಿನ ಬೀದಿ ಕೋರ್ಟಲ್ಲೇ ಡೈವೋರ್ಸಿಗೆ ನಿಂತಿರ್ತಾರೆ."

"ಫೋಟೋ ತೆಗೆದಾಗ ನಕ್ಕಿದ್ದು ನಿಜ ತಾನೇ?" ಎಂದು ಅವನು ಸುತ್ತಿಗೆ ಎತ್ತಿಕೊಳ್ಳುತ್ತಿದ್ದ.

ಗಾಜು ಕೊಯ್ಯುವ ಕೆಲಸಕ್ಕೆ ಒಬ್ಬನಿದ್ದ. ಗಡಿಯಾಚೆಯವನು. ಅಲ್ಲಿ ತನ್ನ ಬೀದಿಗೆ ಬೀದಿಯೇ ಉರಿದುಹೋದ ಮೇಲೆ ಬಸುರಿ ಹೆಂಡತಿಯ ಕೈ ಹಿಡಿದು ಓಡಿಬಂದಿದ್ದ. ಎರಡೂ ಕಡೆಯ ಮಾತು ಹೆಚ್ಚುಕಮ್ಮಿ ಒಂದೇ, ಬೇರೆಯಾಗಿದ್ದದ್ದು ಕಾಗದಪತ್ರ ಮಾತ್ರ. ಅದು ಅವನ ಬಳಿ ಇರಲಿಲ್ಲ. ಕಟ್ಟಿನಣ್ಣ ಹಿಂದಿನ ಕೋಣೆಯೊಂದನ್ನು ಬಿಟ್ಟುಕೊಟ್ಟ. ಅವನು ಇವನನ್ನು ಅಣ್ಣ ಎಂದ, ಇವನು ಅವನನ್ನು ತಮ್ಮ ಎಂದ, ಹೆಂಗಸರಿಬ್ಬರು ಅಕ್ಕ ತಂಗಿಯಾದರು. ಹೆಣ್ಣು ಮಗು ಆ ಕೋಣೆಯಲ್ಲೇ ಹುಟ್ಟಿತು.

ತಮ್ಮ ಗಾಜು ಕೊಯ್ದ ಮೇಲೆ ಅದರ ಅಂಚನ್ನು ಕಲ್ಲಿಗೆ ಉಜ್ಜಿ ನುಣುಪು ಮಾಡುತ್ತಿದ್ದ. ಆ ಬೀದಿಯಲ್ಲಿ ಇನ್ಯಾರೂ ಹಾಗೆ ಮಾಡುತ್ತಿರಲಿಲ್ಲ.

"ಪಟ್ಟಿ ಒಳಗೆ ಹೋಗೋ ಅಂಚು ಯಾರಿಗೆ ಕಾಣ್ಸುತ್ತೋ ಮಾರಾಯ?"

"ಮುಂದೆ ಯಾವತ್ತೋ ಬಿಚ್ಚೋನ ಕೈಗೆ ಕಾಣ್ಸುತ್ತೆ, ಅಣ್ಣ."

ಬೀದಿಯಲ್ಲಿ ಖಾಕಿ ಕಂಡರೆ ತಮ್ಮ ಹಿಂದಿನ ಕೋಣೆಗೆ ಸರಿಯುತ್ತಿದ್ದ. ಮಗು ಅತ್ತರೆ ತಾಯಿ ಅದರ ಬಾಯಿಗೆ ಸೆರಗು ಒತ್ತುತ್ತಿದ್ದಳು. ಇದನ್ನು ಕಟ್ಟಿನಣ್ಣನಿಂದ ನೋಡಲಾಗುತ್ತಿರಲಿಲ್ಲ.

ಹೀಗಿರುವಾಗ ನಿರಾಶ್ರಿತರಿಗಾಗಿ ದುಡಿಯುವ ಒಂದು ಸಂಘದವರು ಬಂದು ದೊಡ್ಡ ಹಾಳೆಯೊಂದನ್ನು ಮೇಜಿನ ಮೇಲೆ ಹರಡಿದರು. ದೇಶದೇಶಗಳ ಮಹಾಸಭೆ ಹೊರಡಿಸಿದ ನಿರ್ಣಯ. ಅದಕ್ಕೆ ಕಟ್ಟು ಹಾಕಿಸಿ ಪರದೇಶೀಯರ ನೋಂದಣಿ ಕಚೇರಿಗೆ ಕಾಣಿಕೆಯಾಗಿ ಕೊಡಬೇಕಂತೆ. ಜನ ಅದನ್ನು ಪರದೇಶಿಗಳ ಆಫೀಸು ಎನ್ನುತ್ತಿದ್ದರು. ಒಳಗೆ ಹೋದವರು ಹೊರಬರುವಾಗ ಆ ಹೆಸರಿಗೆ ನ್ಯಾಯ ಒದಗಿಸಿಯೇ ಬರುತ್ತಿದ್ದರು. ತಮ್ಮ ಗಾಜು ಕೊಯ್ದ, ಕಟ್ಟಿನಣ್ಣ ಪಟ್ಟಿ ಕೂಡಿಸಿದ. ತೂಗುಹಾಕಲೂ ಅವನೇ ಹೋದ. ಅಧಿಕಾರಿಗಳು ಕುರ್ಚಿಯ ಹಿಂದಿನ ಗೋಡೆಯನ್ನೇ ತೋರಿಸಿ, "ಇನ್ನೂ ಸ್ವಲ್ಪ ಎಡಕ್ಕೆ. ಹಾಂ, ಈಗ ಚೆನ್ನಾಗಿ ಕಾಣ್ಸುತ್ತೆ" ಎಂದರು. ಕಟ್ಟಿನಣ್ಣನಿಗೆ ಇನ್ನೇನು ಬೇಕು? ಸರ್ಕಾರವೇ ಗೋಡೆಗೆ ಏರಿಸಿಕೊಂಡಿತ್ತು.

ಮನೆಗೆ ಬಂದವನೇ ತಮ್ಮನನ್ನು ಕೂರಿಸಿಕೊಂಡ.

"'ಪ್ರಾಣಕ್ಕೆ ಅಪಾಯವಿರುವ ನಾಡಿಗೆ ಯಾರನ್ನೂ ಬಲವಂತವಾಗಿ ಮರಳಿ ಕಳುಹಿಸತಕ್ಕದ್ದಲ್ಲ.' ನೀನೇ ಗಾಜು ಹಾಕಿದ್ದಲ್ಲೇನೋ? ಹೋಗಿ ಹೆಸರು ಬರೆಸು. ನಮ್ಮ ದೇಶಾನೂ ಅದಕ್ಕೆ ಕೈ ಎತ್ತಿದೆ."

"ಹೊಡೆಯೋಕೂ ಕೈ ಎತ್ತಬೇಕಾಗುತ್ತೆ, ಅಣ್ಣ."

"ಬೇಡ ಕಣ್ರೀ," ಎಂದಳು ಹೆಂಡತಿ. "ಆ ಹಾಳೆ ಗೋಡೆಯಿಂದ ಇಳಿದು ಬಂದು ಇವನ ಪಕ್ಕ ನಿಲ್ಲುತ್ತಾ?"

"ಎಷ್ಟು ವರ್ಷ ಅಂತ ಇಲಿ ಹಾಗೆ ಅಡಗಿರ್ತಾನೆ? ನಾಳೆ ಮಗು ಶಾಲೆಗೆ ಹೋಗ್ಬೇಡ್ವಾ?"

ಮಗುವಿನ ಮಾತು ಬಂದಾಗ ತಮ್ಮ ಒಪ್ಪಿಕೊಂಡ. ಮೊದಲು ತಾನೊಬ್ಬ ಹೋಗುವುದು, ಎಲ್ಲ ಸರಿಹೋದರೆ ಹೆಂಡತಿ ಮಗುವನ್ನು ಆಮೇಲೆ ಕರೆದೊಯ್ಯುವುದು ಎಂದು ತೀರ್ಮಾನವಾಯಿತು. ಕಟ್ಟಿನಣ್ಣ ತನ್ನದೇ ಇಸ್ತ್ರಿ ಮಾಡಿದ ಅಂಗಿ ಕೊಟ್ಟ. ಭುಜ ಸ್ವಲ್ಪ ದೊಗಲೆಯಾಯಿತು. ಕಟ್ಟಿನಣ್ಣನೂ ಜೊತೆಗೆ ಹೋದ.

ಅಧಿಕಾರಿಗಳು ಮರ್ಯಾದೆಯಿಂದಲೇ ಮಾತನಾಡಿಸಿದರು. ಎಲ್ಲಿಂದ, ಯಾವ ದಾರಿಯಲ್ಲಿ, ಕಾಗದ ಇದೆಯೇ ಎಂದು ಕೇಳಿದರು. ತಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದ; ಹೆಂಡತಿ ಮಗುವಿನ ಸುದ್ದಿ ಮಾತ್ರ ಎತ್ತಲಿಲ್ಲ. ಆಮೇಲೆ ಇಬ್ಬರು ಪೊಲೀಸರು ಬಂದು ಅವನ ಎರಡು ಬದಿಗೆ ನಿಂತರು.

"ನೀವಿನ್ನು ಹೊರಡಿ," ಎಂದರು ಅಧಿಕಾರಿಗಳು ಕಟ್ಟಿನಣ್ಣನಿಗೆ.

"ಸಾರ್, ಅದು..." ಎಂದು ಅವನು ಗೋಡೆಗೆ ಬೆರಳು ತೋರಿಸಿದ.

ಅವರು ತಿರುಗಿ ನೋಡಿದರು. "ಓ, ಕಟ್ಟು ನಿಮ್ದೇ ಅಲ್ವಾ? ಚೆನ್ನಾಗಿದೆ ರೀ."

ಅಂಗಡಿಯ ಮೇಲಿನ ಮಹಡಿಯಲ್ಲಿ ವಕೀಲರೊಬ್ಬರಿದ್ದರು. ಕಾನೂನು ಪದವಿಗೆ ಕಟ್ಟು ಹಾಕಿಸಿಕೊಂಡಂದಿನಿಂದ ಪರಿಚಯ. ಕಟ್ಟಿನಣ್ಣ ಮೆಟ್ಟಿಲು ಹತ್ತಿ ಅವರಿಗೆ ನಡೆದದ್ದನ್ನೆಲ್ಲ ಹೇಳಿದ.

"ಗೋಡೆ ಮೇಲಿರೋದು ನಿರ್ಣಯ ಕಣಯ್ಯ, ಕಾನೂನಲ್ಲ," ಎಂದರು ವಕೀಲರು.

"ಅಷ್ಟು ದೇಶ ಸೇರಿ ಹೇಳಿದ್ದು ಸುಳ್ಳಾ ಸಾರ್?"

"ಸುಳ್ಳಲ್ಲ. ಹೇಳಿದ್ದು, ಅಷ್ಟೆ. ಒಪ್ಪಂದಕ್ಕೆ ರುಜು ಹಾಕಿದ್ರೆ ದೇಶ ಅದಕ್ಕೆ ಕಟ್ಟುಬೀಳುತ್ತೆ. ಆಮೇಲೆ ಅದಕ್ಕೆ ತಕ್ಕ ಕಾನೂನು ಮಾಡಿದ್ರೆ ಕೋರ್ಟು ಅದನ್ನ ಹಿಡಿದು ಕೇಳಬಹುದು. ನಮ್ಮವರು ಸಭೇಲಿ ಕೈ ಎತ್ತಿದ್ದಾರೆ, ರುಜು ಹಾಕಿಲ್ಲ. ಅಂದ್ರೆ ಹಿರಿಯರು ಕೂತು 'ಹೀಗೆ ನಡೆದುಕೊಂಡರೆ ಚೆನ್ನ' ಅಂದ ಹಾಗೆ. ನೀನು ಕಟ್ಟು ಹಾಕಿದ್ದೇನೋ ಸರಿ. ಅದು ಯಾರನ್ನೂ ಕಟ್ಟಿಹಾಕಲಿಲ್ಲ."

"ಮತ್ಯಾಕೆ ಬರೀತಾರೆ?"

ವಕೀಲರು ಕನ್ನಡಕ ಒರೆಸಿಕೊಂಡರು. "ಮುಂದೆ ಕಾನೂನಾಗಲಿ ಅಂತ. ಎಲ್ಲ ದೇಶಗಳೂ ಇದು ನಮ್ಮ ಕರ್ತವ್ಯ ಅಂತ ಒಂದೇ ರೀತಿ ನಡ್ಕೊಂಡು ಬಂದ್ರೆ ಅದು ರೂಢಿಯಾಗುತ್ತೆ. ರೂಢಿ ಗಟ್ಟಿಯಾದ್ರೆ ರುಜು ಹಾಕದವರನ್ನೂ ಹಿಡಿಯುತ್ತೆ. ಅಲ್ಲಿಗೆ ಬಂದಾಗಿದೆ ಅಂತಲೇ ವಾದ ಮಾಡ್ತೀನಿ. ಗೆಲ್ತೀರಾ ಅಂತ ಮಾತ್ರ ಕೇಳ್ಬೇಡ."

ವಾದ ಮಾಡಿದರು, ಚೆನ್ನಾಗಿಯೇ ಮಾಡಿದರು. ಕೊನೆಯ ಬೆಂಚಿನಲ್ಲಿ ಕಟ್ಟಿನಣ್ಣ ಕುಳಿತಿದ್ದ. ತಮ್ಮ ಅದೇ ದೊಗಲೆ ಅಂಗಿಯಲ್ಲಿ ಕಟಕಟೆಯ ಬಳಿ ನಿಂತಿದ್ದ. "ಮಹಾಸಭೆಯ ನಿರ್ಣಯವನ್ನು ಈ ನ್ಯಾಯಾಲಯ ಗೌರವಿಸುತ್ತದೆ," ಎಂದು ನ್ಯಾಯಾಧೀಶರು ಓದತೊಡಗಿದಾಗಲೇ ಕಟ್ಟಿನಣ್ಣನಿಗೆ ತೀರ್ಪು ಏನೆಂದು ಗೊತ್ತಾಯಿತು. ಅವನ ಅಂಗಡಿಯಲ್ಲಿ ಜನ ಅತಿ ಹೆಚ್ಚು ಗೌರವ ತೋರಿಸುತ್ತಿದ್ದದ್ದು ಸತ್ತವರ ಫೋಟೋಗಳಿಗೆ. ನಾಡಿನ ಕಾನೂನು ಅಸ್ಪಷ್ಟವಾಗಿದ್ದರೆ ನಿರ್ಣಯದ ಬೆಳಕಿನಲ್ಲಿ ಓದಬಹುದಿತ್ತು, ಆದರೆ ಕಾಗದವಿಲ್ಲದ ಹೊರಗಿನವರನ್ನು ಹೊರಗೆ ಕಳುಹಿಸಬೇಕೆಂದು ಕಾನೂನು ಸ್ಪಷ್ಟವಾಗಿಯೇ ಹೇಳಿದೆ, ಅದು ರೂಢಿಯಾಗಿದೆ ಎನ್ನಲು ಪುರಾವೆ ಸಾಲದು, ಎಂದು ಅವರು ಓದಿ ಮುಗಿಸಿದರು. ದನಿಯಲ್ಲಿ ಮರುಕವಿತ್ತು. ಮರುಕವೂ ಯಾರನ್ನೂ ಕಟ್ಟಿಹಾಕುವಂಥದ್ದಲ್ಲ.

ಗಡಿ ದಾಟಿಸಿದ ದಿನ ತಮ್ಮ ಯಾರದೋ ಫೋನಿನಿಂದ ಮಾತನಾಡಿದ. "ಮಗು ಎದ್ದಿದೆಯಾ ಅಣ್ಣ?" ಎಂದು ಕೇಳಿದ, ಅಷ್ಟರಲ್ಲಿ ಸಂಪರ್ಕ ಕಡಿದುಹೋಯಿತು. ಮತ್ತೆ ಎಷ್ಟು ಪ್ರಯತ್ನಿಸಿದರೂ ಆ ಫೋನು ಸಿಗಲಿಲ್ಲ. ಕೆಲವು ವಾರಗಳ ಮೇಲೆ ಆ ಕಡೆಯಿಂದ ಬಂದ ಒಬ್ಬ ಸುದ್ದಿ ತಂದ: ಹಿಂದಕ್ಕೆ ಹೋದವರನ್ನು ಸೇತುವೆಯ ಬಳಿ ಇಳಿಸಿಕೊಂಡರಂತೆ, ಆಮೇಲೆ ಕಂಡವರಿಲ್ಲವಂತೆ. ತಮ್ಮನ ಹೆಂಡತಿ ಅಳಲಿಲ್ಲ. ಗಾಜು ಉಜ್ಜುವ ಕಲ್ಲನ್ನು ತೊಳೆದು, ಒರೆಸಿ, ತನ್ನ ಕೋಣೆಯೊಳಗೆ ಇಟ್ಟುಕೊಂಡಳು.

ಒಂದು ಮಧ್ಯಾಹ್ನ ನೋಂದಣಿ ಕಚೇರಿಯ ಜವಾನ ಅದೇ ನಿರ್ಣಯವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದ. ಮೊಳೆ ಸಡಿಲವಾಗಿ ಬಿದ್ದು ಗಾಜು ಒಡೆದಿತ್ತು.

"ಸಂಘದೋರು ನಾಳೆ ಬರ್ತಾರೆ. ಬೇಗ ಹೊಸ ಗಾಜು ಹಾಕ್ಕೊಡಿ, ಯಜಮಾನ್ರೇ."

ಕಟ್ಟಿನಣ್ಣ ಹಿಂದಿನ ರಟ್ಟು ಕಿತ್ತು ಪಟ್ಟಿಯೊಳಕ್ಕೆ ಬೆರಳು ತೂರಿಸಿದ. ಪಟ್ಟಿಯೊಳಗೆ ಉಳಿದಿದ್ದ ಗಾಜಿನ ಅಂಚು ಬೆರಳ ತುದಿಗೆ ಬೆಣ್ಣೆಯಂತೆ ಜಾರಿತು. ಅವನು ಬೆರಳನ್ನು ಅಲ್ಲೇ ಇಟ್ಟುಕೊಂಡು ನಿಂತ.

"ಅಂದ ಹಾಗೆ," ಎಂದ ಜವಾನ, "ಆವತ್ತಿನ ನಿಮ್ಮ ಆಳಿಗೆ ಹೆಂಡ್ತಿ ಗಿಂಡ್ತಿ ಇದ್ರಾ ಅಂತ ಸಾಹೇಬ್ರು ಕೇಳ್ತಿದ್ರು. ಇದ್ರೆ ಕರ್ಕೊಂಡ್ಬನ್ನಿ, ಹೆಸರು ಬರ್ಕೋತಾರೆ."

"ಯಾರೂ ಇಲ್ಲ."

ಅದೇ ಹೊತ್ತಿಗೆ ಒಳಗೆ ಮಗು ಕಿಟಾರನೆ ಅತ್ತಿತು. ಜವಾನ ಕತ್ತು ಉದ್ದ ಮಾಡಿದ. ಕಟ್ಟಿನಣ್ಣನ ಹೆಂಡತಿ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೇ ಬಂದು ನಿಂತಳು.

"ನನ್ನ ತಂಗಿ ಮೊಮ್ಮಗು. ತಂಗಿ ಮಗಳೂ ಬಂದಿದ್ದಾಳೆ, ಇನ್ನು ಇಲ್ಲೇ ಇರ್ತಾಳೆ. ಗಂಡ ಬಿಟ್ಟ."

"ಅಯ್ಯೋ ಪಾಪ. ಎಂಥಾ ಗಂಡಸಪ್ಪಾ!" ಎಂದ ಜವಾನ.

"ಅದೇ ಮತ್ತೆ," ಎಂದಳು ಅವಳು.

ಜವಾನ ಸಂಜೆಗೆ ಬರುತ್ತೇನೆಂದು ಹೋದ. ಕಟ್ಟಿನಣ್ಣ ಕೊಯ್ದ ಮೊದಲ ಗಾಜು ಅಡ್ಡಾದಿಡ್ಡಿ ಸೀಳಿತು. ಎರಡನೆಯದು ಹೇಗೋ ಕೂತಿತು. ಅದರ ಅಂಚನ್ನು ಅವನು ಉಜ್ಜಲಿಲ್ಲ.

ಒಳಗೆ ಹೆಂಡತಿ ತಮ್ಮನ ಹೆಂಡತಿಗೆ ಹೇಳಿಕೊಡುತ್ತಿದ್ದಳು: "ಇನ್ಮೇಲೆ ನನ್ನನ್ನ ಅಕ್ಕ ಅನ್ಬೇಡ. ದೊಡ್ಡಮ್ಮ ಅನ್ನು. ಇವರನ್ನ ದೊಡ್ಡಪ್ಪ ಅನ್ನು. ನಿದ್ದೆಗಣ್ಣಲ್ಲೂ ತಪ್ಪಬಾರ್ದು."

ಮಗುವಿನ ತಾಯಿ ಬಾಯೊಳಗೇ ಹೇಳಿ ಹೇಳಿ ರೂಢಿ ಮಾಡಿಕೊಂಡಳು. ಆಮೇಲೆ ಮಗುವನ್ನೆತ್ತಿಕೊಂಡು ಬಾಗಿಲ ಬಳಿ ಬಂದು ನಿಂತಳು.

"ದೊಡ್ಡಪ್ಪಾ, ಹಾಗಾದ್ರೆ ಇವಳಪ್ಪ ನಿಮಗೇನಾಗ್ಬೇಕು?"

ತಮ್ಮ ಎನ್ನಲು ಬಾಯಿ ತೆರೆದ ಕಟ್ಟಿನಣ್ಣ ಹಾಗೆಯೇ ಮುಚ್ಚಿಕೊಂಡ. ಬೀದಿಯ ಕಡೆ ಒಮ್ಮೆ ನೋಡಿದ.

"ಏನೂ ಆಗ್ಬೇಕಾಗಿಲ್ಲಮ್ಮ," ಎಂದ.