ಗೋಡೆಗೆ ಅಂಟಿಕೊಂಡ ದೀಪಗಳು

ಸಂಜೆಯಾದ ಮೇಲೆ ಕಟ್ಟಡದ ಹೊರಮೈಗೆ ಎಲ್ಲಿಂದ, ಎಷ್ಟು ಬೆಳಕು ಬೀಳಬೇಕು ಎಂದು ತೀರ್ಮಾನಿಸುವುದು ನನ್ನ ಕೆಲಸ. ಇದೂ ಒಂದು ಉದ್ಯೋಗವೇ ಎಂದು ದಿಲ್ಲಿ ಪಕ್ಕದ ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರು ಈಗಲೂ ನಗುತ್ತಾರೆ. ನಗಲಿ. ಹಗಲಲ್ಲಿ ಕಂಡ ಗೋಡೆ ದೀಪ ಹಾಕಿದ ಮೇಲೆ ಹೇಗೆ ಕಾಣುತ್ತದೋ ಎಂಬ ಕುತೂಹಲ ನನಗಿನ್ನೂ ತಣಿದಿಲ್ಲ.

ನೋಯ್ಡಾದ ಹೊಸ ಆಫೀಸು ಕಟ್ಟಡವೊಂದಕ್ಕೆ ಮರಳುಗಲ್ಲಿನ ಗೋಡೆ. ಕಲ್ಲು ಕೂರಿಸಿದವರು ರಾಜಸ್ಥಾನದ ಒಬ್ಬ ಹಿರಿಯ ಮಿಸ್ತ್ರಿ. ಕಲ್ಲಿನ ಮೈಯ ಒರಟು ತರಿ ಚೆನ್ನಾಗಿ ಕಾಣಲೆಂದು ಗೋಡೆಯ ಬುಡಕ್ಕೇ ಅಂಟಿದಂತೆ ದೀಪಗಳನ್ನು ನಕ್ಷೆಯಲ್ಲಿ ಗುರುತಿಸಿದ್ದೆ. ಪರೀಕ್ಷೆಗೆಂದು ತಾತ್ಕಾಲಿಕವಾಗಿ ದೀಪ ಹಾಕಿದ ಸಂಜೆ ತರಿ ಕಂಡಿತು, ನಿಜ. ಜೊತೆಗೆ ಪ್ರತಿ ಸಂದಿನ ಮೇಲೂ ಕಪ್ಪು ನೆರಳು. ಹಗಲೆಲ್ಲ ಸಮತಟ್ಟಾಗಿದ್ದ ಗೋಡೆ ಈಗ ಯಾರೋ ಅವಸರದಲ್ಲಿ ಜೋಡಿಸಿದಂತಿತ್ತು.

ಮಾಲೀಕರ ಕಡೆಯ ಮ್ಯಾನೇಜರ್ ದಾವಣಗೆರೆಯವರು, ಮನೆ ದಿಲ್ಲಿಯ ಜನಕಪುರಿಯಲ್ಲಿ. ಸೈಟಿನಲ್ಲಿ ಯಾರಿಗೂ ತಿಳಿಯದೆಂಬ ಧೈರ್ಯದಿಂದ ನಾವಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು.

"ಅಚ್ಛಾ ಕೆಲಸ ಮಾಡಿದಾನೆ ನೋಡಿ! ಎಲ್ಲಾ ಕೀಳಿಸಿ ಬೇರೆ ಮಿಸ್ತ್ರಿನ ಹಾಕ್ತೀನಿ, ಮೇಡಂ," ಎಂದರು.

"ನೋಡೋಣ ಸರ್," ಎಂದೆ. ದೀಪದ ಮೇಲೆ ಅನುಮಾನ ಬಂದಿತ್ತು, ಹೇಳಲು ಬಾಯಿ ಬರಲಿಲ್ಲ.

ಮಿಸ್ತ್ರಿ ಪಕ್ಕದಲ್ಲೇ ನಿಂತು ನಮ್ಮ ಮುಖಗಳನ್ನು ನೋಡುತ್ತಿದ್ದರು. ಮ್ಯಾನೇಜರ್ ಫೋನ್ ಹಿಡಿದು ಅತ್ತ ಹೋದದ್ದೇ ಹಿಂದಿಯಲ್ಲಿ ಕೇಳಿದರು: "ಗೋಡೆ ಕೀಳ್ಬೇಕಂತಾ, ಮೇಡಂಜೀ?"

ನಾಚಿಕೆಯಿಂದ ಹೌದೆಂದು ತಲೆಯಾಡಿಸಿದೆ. "ಗೋಡೆ ಮೇಲೆ ಕೈಯಿಟ್ಟು ನೋಡಿ," ಎಂದರು ಮಿಸ್ತ್ರಿ. ಕಣ್ಣು ಮುಚ್ಚಿ ಸಂದುಗಳ ಮೇಲೆ ಅಂಗೈ ಸವರಿದೆ. ನಿಂತಲ್ಲಿ ಎಲ್ಲೂ ತಡೆಯಲಿಲ್ಲ. ಕೈಗೇ ಸಿಗದ ಏರುಪೇರಿಗೆ ಅಷ್ಟುದ್ದ ನೆರಳೇ? ಮೊಣಕಾಲೂರಿ ಒಂದು ದೀಪವನ್ನು ಗೋಡೆಯಿಂದ ಗೇಣು ದೂರ ಸರಿಸಿದೆ. ನೆರಳು ಕುಗ್ಗಿತು. ಎರಡಡಿ ಸರಿಸಿದೆ. ಮಾಯವೇ ಆಯಿತು. ಒಂದೊಂದಾಗಿ ಎಲ್ಲವನ್ನೂ ಸರಿಸಿದೆವು. ಬಾಗಿಲ ಪಕ್ಕದ ಒಂದು ಕಲ್ಲಿನ ನೆರಳು ಮಾತ್ರ ಹಟ ಹಿಡಿದು ಉಳಿಯಿತು. ನಾನು ಅಷ್ಟು ಆಸೆಪಟ್ಟಿದ್ದ ತರಿಯೂ ಹೋಗಿ ಗೋಡೆ ಸಪ್ಪೆಯಾಯಿತು.

ಮ್ಯಾನೇಜರನ್ನು ಕರೆದೆ. "ತಪ್ಪು ಗೋಡೆಯದಲ್ಲ ಸರ್, ದೀಪದ್ದು. ನಕ್ಷೆ ನನ್ನದು." ಈ ಸಲ ಹಿಂದಿಯಲ್ಲಿ, ಮಿಸ್ತ್ರಿಗೂ ಕೇಳುವಂತೆ ಹೇಳಿದೆ.

ಅವರು ಗೋಡೆಯನ್ನು ಉದ್ದಕ್ಕೂ ನೋಡಿ, "ಚಲೋ, ಗೋಡೆ ಇದ್ದ ಹಾಗೇ ಇರಲಿ," ಎಂದರು.

"ಇಲ್ಲ ಸಾಹೇಬ್," ಎಂದರು ಮಿಸ್ತ್ರಿ. "ಬಾಗಿಲ ಹತ್ತಿರದ ಆ ಒಂದು ಕಲ್ಲು ನನ್ನ ತಪ್ಪೇ. ಅದನ್ನ ಕೀಳ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಅಲ್ಲಿನ ದೀಪ ಮಾತ್ರ ಮತ್ತೆ ಗೋಡೆಗೆ ಅಂಟಿಸಿ, ಮೇಡಂಜೀ. ಕೂದಲೆಳೆ ಏರುಪೇರೂ ತೋರಿಸೋ ಅದೇ ಬೆಳಕಲ್ಲಿ ಕಲ್ಲು ಕೂರಿಸ್ತೀನಿ," ಎಂದರು.