ಸಾಲೋಮಣ್ಣನ ಹುಣಸೆ ಮರ

ಎರಡೂ ತೋಳುಗಳನ್ನು ಸ್ಟೇರಿಂಗಿನ ಮೇಲೆ ಮಡಿಸಿ, ಅವುಗಳ ಮೇಲೆ ಹಣೆಯಿಟ್ಟು, ಬಸ್ಸು ತುಂಬ ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಕಣ್ಣು ಮುಚ್ಚಿರುವ ಡ್ರೈವರ್. ಸಾಲೋಮಣ್ಣ ಎಂದೊಡನೆ ನನ್ನ ಕಣ್ಮುಂದೆ ಬರುವುದು ಇದೇ. ಗಾಬರಿಯಾಗಬೇಡಿ, ಬಸ್ಸು ನಿಂತಿರುತ್ತಿತ್ತು. ಹಿರಿಯೂರಿನಿಂದ ಹೊಸದುರ್ಗಕ್ಕೆ ಹೋಗುವ ದಾರಿಯಲ್ಲಿ, ಮಾಡದಕೆರೆ ಇನ್ನೇನು ಬಂತು ಅನ್ನುವಾಗ ಎಡಗಡೆಗೆ ಒಂದು ಹಳೆಯ ಹುಣಸೆ ಮರವಿತ್ತು. ಅದರ ನೆರಳಿಗೆ ಬಸ್ಸು ಸರಿಸಿ, ಇಂಜಿನ್ ಆರಿಸಿ, ಅವನು ತಲೆ ಇಡುತ್ತಿದ್ದ.

ಎಪ್ಪತ್ತರ ದಶಕ. ನಾನು ಮಾಡದಕೆರೆ ಶಾಲೆಗೆ ಟೀಚರಾಗಿ ಹೊಸದಾಗಿ ಸೇರಿ ಹಿರಿಯೂರಿನಿಂದ ದಿನಾ ಓಡಾಡುತ್ತಿದ್ದೆ. ಮೊದಲ ದಿನವೇ ಈ ದೃಶ್ಯ ನೋಡಿ ನನಗೆ ಉರಿದುಹೋಯಿತು. "ಏನ್ರಿ ಇದು, ಡ್ರೈವರ್ ಮಲಗಿಬಿಟ್ರಲ್ಲ!" ಎಂದು ಗಟ್ಟಿಯಾಗಿಯೇ ಕೇಳಿದೆ. ಕಂಡಕ್ಟರ್ ಬಸಣ್ಣ ತುಟಿಯ ಮೇಲೆ ಬೆರಳಿಟ್ಟ. ಪಕ್ಕದಲ್ಲಿ ಕಂಬಳಿ ಹೊದ್ದು ಕೂತಿದ್ದ ಮುದುಕಿ ನನ್ನ ಮೊಣಕೈ ತಿವಿದು, "ದೇವರತ್ರ ಹೋಗವ್ನೆ ಕಣವ್ವ. ಬತ್ತಾನೆ, ಸುಮ್ಕಿರು" ಅಂದಳು. ಕುರಿ ಕಾಯುವವರ ಹಟ್ಟಿಯ ಈರಜ್ಜಿ ಅವಳು. ಬಸ್ಸಿನಲ್ಲಿ ಅವಳ ಮಾತಿಗೆ ಎದುರಿರಲಿಲ್ಲ.

ಸಾಲೋಮಣ್ಣ ದಪ್ಪನೆಯ ಆಳು. ಖಾಕಿ ಅಂಗಿಯ ಹೊಟ್ಟೆಯ ಗುಂಡಿ ಯಾವತ್ತೂ ಅವನ ಮಾತು ಕೇಳುತ್ತಿರಲಿಲ್ಲ. ಹಿರಿಯೂರಿನಲ್ಲಿ ಚರ್ಚಿನ ಹಿಂದಿನ ಓಣಿಯಲ್ಲಿ ಹೆಂಡತಿ ಮೇರಿಯಮ್ಮ, ಒಬ್ಬಳೇ ಮಗಳು ಗ್ರೇಸಿಯ ಜೊತೆ ಇದ್ದ. ಬಸ್ಸಿನ ಮುಂಗಾಜಿನ ಮೇಲೆ ಮಾಲೀಕರ ಮನೆದೇವರ ಹೆಸರಿತ್ತು. ಬೆಳಿಗ್ಗೆ ಬಸಣ್ಣ ಊದುಬತ್ತಿ ಹಚ್ಚಿ ಮುಗಿಸುವವರೆಗೂ ಸಾಲೋಮಣ್ಣ ಕೆಳಗೆ ಕೈಕಟ್ಟಿ ನಿಂತಿರುತ್ತಿದ್ದ. "ಏನಣ್ಣ, ಗಾಡಿ ನಮ್ಮ ದೇವರದು, ಡ್ರೈವರ್ರು ನಿಮ್ಮ ದೇವರೋನು" ಎಂದು ಯಾರೋ ಕಾಲೆಳೆದರೆ, "ಹೂಂ ಕಣಪ್ಪ, ಗುಂಡಿಗಿಳಿಸಿದ್ರೆ ಇಬ್ರೂ ಸೇರಿ ನನ್ನೇ ಬೈತಾರೆ" ಎಂದು ನಗುತ್ತಿದ್ದ.

ಮರದ ಕೆಳಗೆ ನಿಲ್ಲಿಸುವುದು ಹೇಗೆ ಶುರುವಾಯಿತೆಂದು ಒಮ್ಮೆ ಕೇಳಿದ್ದೆ. ಹಳೆಯ ಬಸ್ಸು ಮರಕ್ಕೆ ಮುಂಚಿನ ಏರು ಹತ್ತುವಷ್ಟರಲ್ಲಿ ಕಾದು ಹೊಗೆಯಾಡುತ್ತಿತ್ತಂತೆ. ಬಸಣ್ಣ ಪಕ್ಕದ ಬಾವಿಯಿಂದ ನೀರು ತಂದು ಹಾಕುವವರೆಗೂ ಇವನಿಗೆ ಕೆಲಸವಿಲ್ಲ. "ಗಾಡಿ ತಣ್ಣಗಾಗ್ಲಿ, ನಾನೂ ಒಂದೀಟು ತಣ್ಣಗಾಗಾಣ ಅಂತ ತಲೆ ಇಟ್ಟೆ ಟೀಚರಮ್ಮ. ಆಮೇಲೆ ಹೊಸಾ ಗಾಡಿ ಬಂತು. ಅದು ಕಾಯಲ್ಲ, ನಾನು ಕಾಯ್ತೀನಲ್ಲ?" ಅಂದ. ದೇವರ ಹತ್ತಿರ ಏನು ಕೇಳುತ್ತೀಯ ಅಂದರೆ, "ದಿನಾ ಏನು ಕೇಳೋದು? ತವರಿಗೆ ಹೋದ ಹೆಣ್ಮಗಳು ಜಗಲಿ ಮ್ಯಾಲೆ ಕುಂತು ಬರಲ್ವಾ, ಹಂಗೆ" ಎಂದಿದ್ದ.

ಅವನು ಕೇಳದಿದ್ದರೂ ಕೇಳಿಸುವವರು ಬಸ್ಸಿನ ತುಂಬ ಇದ್ದರು. ಮರ ಹತ್ತಿರವಾದಂತೆ ಒಬ್ಬೊಬ್ಬರೇ ಶುರು ಮಾಡುತ್ತಿದ್ದರು. "ಸಾಲೋಮಣ್ಣ, ನಮ್ಮ ಹುಡುಗಿಗೆ ಗಂಡು ನೋಡಾಕೆ ಬರ್ತಾರೆ, ಒಂದ್ಮಾತು ಹಾಕು." "ನಮ್ಮ ಟಗರಿಗೆ ಕಾಲು ಹುಣ್ಣಾಗೈತೆ, ಅದನ್ನೂ ಹೇಳು." ಅವನು ಎಲ್ಲಕ್ಕೂ ತಲೆಯಾಡಿಸುತ್ತಿದ್ದ. "ಹೇಳ್ತೀನಿ. ನೀನು ಮಾತ್ರ ಔಷಧಿ ಹಚ್ಚೋದು ಬಿಡಬ್ಯಾಡ." ಆಮೇಲೆ ಇಂಜಿನ್ ಆರಿದರೆ ಬಸ್ಸಿನಲ್ಲಿ ಸೊಲ್ಲಿಲ್ಲ. ಸಂತೆಗೆ ಹೊರಟ ಕೋಳಿ ಕೊಕ್ಕೆಂದರೆ ಅದರ ಯಜಮಾನನೇ ನಾಚಿಕೊಳ್ಳುತ್ತಿದ್ದ.

ಒಂದು ಸಲ ಇವನು ರಜೆ ಹಾಕಿದಾಗ ಬಂದ ಬದಲಿ ಡ್ರೈವರ್ ಮರದ ಹತ್ತಿರ ನಿಲ್ಲಿಸಲಿಲ್ಲ. ಮುಂದಿನ ತಿರುವಿನಲ್ಲೇ ಟೈರು ಪಂಕ್ಚರ್. ಕೇಳಬೇಕೆ? ಮರುದಿನ ಬಸ್ಸಿನವರೆಲ್ಲ ಸೇರಿ ಆ ಮರಕ್ಕೆ ಅರಿಶಿನ ಕುಂಕುಮ ಹಚ್ಚಿ ಬರಲು ತಯಾರಾಗಿದ್ದರು. ಸಾಲೋಮಣ್ಣ ತಲೆ ಚಚ್ಚಿಕೊಂಡ. "ಟೈರು ಸವೆದಿತ್ತು ಕಣ್ರಪ್ಪ! ಮಾಲೀಕರಿಗೆ ನಾನೇ ಬಡ್ಕಂಡಿದ್ದೆ. ದೇವರೇನು ಟೋಲ್‌ಗೇಟ್ ಹಾಕ್ಕಂಡು ಕುಂತವ್ನಾ?" ಯಾರೂ ನಂಬಿದಂತೆ ಕಾಣಲಿಲ್ಲ.

ಹೀಗಿರುವಾಗ ಗ್ರೇಸಿಗೆ ಕಾಮಾಲೆಯಾಯಿತು. ಕಾಲೇಜು ಓದುತ್ತಿದ್ದ ಹುಡುಗಿ. ಅಪ್ಪನ ಊಟದ ಡಬ್ಬಿ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದರೆ ಕಂಡಕ್ಟರಿನಿಂದ ಹಿಡಿದು ಕಡಲೆಕಾಯಿ ಮಾರುವವಳವರೆಗೂ ಎಲ್ಲರನ್ನೂ ಮಾತಾಡಿಸುತ್ತಿದ್ದಳು. ನಾಟಿ ಔಷಧಿ, ಡಾಕ್ಟರು ಎಲ್ಲ ಆಯಿತು. ಉಳಿಯಲಿಲ್ಲ. ಈ ವಾಕ್ಯ ಬರೆಯಲು ಈಗಲೂ ನನಗೆ ಕಷ್ಟವಾಗುತ್ತದೆ.

ಕೆಲವು ದಿನ ಬಿಟ್ಟು ಸಾಲೋಮಣ್ಣ ಕೆಲಸಕ್ಕೆ ಬಂದ. ಏರು ಮುಗಿಯಿತು, ಮರ ಕಂಡಿತು, ನಾವೆಲ್ಲ ರೂಢಿಯಂತೆ ಮಾತು ನಿಲ್ಲಿಸಿದೆವು. ಬಸ್ಸು ನಿಲ್ಲಲಿಲ್ಲ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ.

"ಮಗಳು ಹೋದಾಗಿಂದ ನಿದ್ದೇನೆ ಮಾಡಿಲ್ವಂತೆ ಟೀಚರಮ್ಮ" ಎಂದು ಬಸಣ್ಣ ಪಿಸುಗುಟ್ಟಿದ. "ಗೋಡೆ ನೋಡ್ಕಂಡು ಕುಂತಿರ್ತಾನಂತೆ. ಪ್ರಾರ್ಥನೆ ಮಾಡಾಣ ಬಾ ಅಂತ ಮೇರಿಯಕ್ಕ ಕರೆದ್ರೆ, ಅವನತ್ರ ನಂಗೇನು ಮಾತು ಅಂತ ಎದ್ದು ಹೋಗ್ತಾನಂತೆ." ಸಾಲೋಮಣ್ಣನ ಕಣ್ಣುಗಳು ಕೆಂಪಾಗಿ ಒಳಗೆ ಹೋಗಿದ್ದವು.

ಒಂದು ಬೆಳಿಗ್ಗೆ ತಿರುವಿನಲ್ಲಿ ಕುರಿಹಿಂಡು ಅಡ್ಡ ಬಂತು. ಅವನು ಬ್ರೇಕು ಒತ್ತುವುದು ಒಂದು ಗಳಿಗೆ ತಡವಾಯಿತು. ಬಸ್ಸು ಹಳ್ಳದ ಅಂಚಿಗೆ ಹೋಗಿ ವಾಲಿಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ, ಒಂದು ಕುರಿಗೂ ಆಗಲಿಲ್ಲ. ಆದರೆ ಸಾಲೋಮಣ್ಣ ಎಷ್ಟೇ ಬೇಕಾದವನಾದರೂ ಜೀವದ ಮೇಲೆ ಯಾರಿಗೆ ಆಸೆ ಇರುವುದಿಲ್ಲ? "ಮಾಲೀಕರಿಗೆ ಹೇಳಿ ಇವನನ್ನ ಇಳಿಸ್ಬೇಕು. ಇಲ್ದಿದ್ರೆ ನಮ್ಮನ್ನೂ ಮಗಳತ್ರ ಕರ್ಕೊಂಡು ಹೋಗ್ತಾನೆ" ಎಂದು ಹಿಂದಿನ ಸೀಟಿನಲ್ಲಿ ಒಬ್ಬರು ಅಂದರು. ಅದು ಅವನಿಗೆ ಕೇಳಿಸಿತು. ಸ್ಟೇರಿಂಗ್ ಬಿಟ್ಟರೆ ಆ ಮನುಷ್ಯನಿಗೆ ಗೋಡೆಯೊಂದೇ ಗತಿ ಎಂದು ನೆನೆದು ನನಗೆ ಸಂಕಟವಾಯಿತು.

ಮರುದಿನ ಮರ ಇನ್ನೂ ದೂರವಿರುವಾಗಲೇ ಈರಜ್ಜಿ ಎದ್ದಳು. ಕಂಬಿ ಹಿಡಿದು ತೂರಾಡುತ್ತ ಡ್ರೈವರನ ಪಕ್ಕ ಹೋಗಿ ನಿಂತಳು.

"ನಿಲ್ಸಪ್ಪ, ಮರ ಬಂತು."

"ಹೋಗಿ ಕುಂತ್ಕಳಜ್ಜಿ."

"ನಿಲ್ಸಲೇ ಅಂದೆ!"

ಅವನು ನಿಲ್ಲಿಸಿದ. "ಇಳೀತೀಯಾ?"

"ನಾನ್ಯಾಕೆ ಇಳೀಲಿ? ನೀನು ಹೋಗಿ ಬಾ. ದಿನಾ ಹೋಗ್ತಿದ್ದೆಲ್ಲ, ಅಲ್ಲಿಗೆ."

ಅವನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹೋದ್ರೆ ಜಗಳ ಆಡ್ತೀನಿ ಅಜ್ಜಿ. ಅವನತ್ರ ಆಡಾಕೆ ನನ್ನ ಬಾಯಾಗೆ ಒಂದೂ ಒಳ್ಳೆ ಮಾತಿಲ್ಲ."

"ನಿಮ್ಮ ದೇವರು ಕುರಿ ಕಾಯೋನು ಅಂತ ನೀನೇ ಹೇಳಿದ್ದೆ. ನಾನೂ ಕುರಿ ಕಾದೋಳೇ ಕಣಪ್ಪ. ಪೆಟ್ಟಾದ ಕುರಿ ಏನು ಮಾತಾಡ್ತೈತಾ? ಬಂದು ಕಾಲತ್ರ ಬಿದ್ಕಂತೈತೆ. ಮಾತು ಬ್ಯಾಡ. ತಲೆ ಇಡು."

ಅವನು ಇಂಜಿನ್ ಆರಿಸಿದ. ತೋಳು ಮಡಿಸಿ ತಲೆ ಇಟ್ಟ. ಆ ದೊಡ್ಡ ಬೆನ್ನು ಅಲುಗತೊಡಗಿತು. ಗಂಡಸು ಹಾಗೆ ಅಳುವುದನ್ನು ನಾನು ಕೇಳಿರಲಿಲ್ಲ. ಈರಜ್ಜಿ ತನ್ನ ಕಂಬಳಿ ಬಿಚ್ಚಿ ಅವನ ಮೇಲೆ ಹೊದಿಸಿ ಅಲ್ಲೇ ನೆಲಕ್ಕೆ ಕುಕ್ಕರಿಸಿದಳು. ಬಸ್ಸಿನಲ್ಲಿ ಎಲ್ಲರೂ ಕಿಟಕಿಯ ಆಚೆ ನೋಡುತ್ತಿದ್ದೆವು. ನಿಧಾನವಾಗಿ ಅಳು ಇಳಿಯಿತು, ಬಿಕ್ಕು ನಿಂತಿತು. ಆಮೇಲೆ ಕಂಬಳಿಯೊಳಗಿಂದ ಗೊರಕೆ ಕೇಳಿಸಿತು.

ಎಬ್ಬಿಸಲು ಹೋದ ಬಸಣ್ಣನನ್ನು ಈರಜ್ಜಿ ಕಣ್ಣಿನಲ್ಲೇ ಕೂರಿಸಿದಳು. ಹಿಂದಿನಿಂದ ಬಂದ ಲಾರಿಯವನು ಹಾರ್ನ್ ಹೊಡೆದಾಗ ಬಸಣ್ಣ ಓಡಿಹೋಗಿ ಕೈಮುಗಿದು ಕಳಿಸಿದ. ಸಂತೆಗೆ ಹೊರಟವರು ಸಂತೆ ಮರೆತರು. ಮಾಲೀಕರಿಗೆ ಹೇಳಬೇಕು ಎಂದಿದ್ದ ಆಸಾಮಿ ಅಳುವ ಕೂಸೊಂದನ್ನು ತಾನೇ ಎತ್ತಿಕೊಂಡು ಇಳಿದು ಮರದ ಕೆಳಗೆ ಆಡಿಸುತ್ತಿದ್ದ. ಬಿಸಿಲು ಏರಿ ನೆರಳು ಸರಿಯಿತು. ಸಾಲೋಮಣ್ಣ ಎದ್ದಾಗ ಕನ್ನಡಿಯಲ್ಲಿ ನಮ್ಮನ್ನೆಲ್ಲ ನೋಡಿ ಬೆಚ್ಚಿದ. "ಯಾಕೆ ಎಬ್ಬಿಸ್ಲಿಲ್ಲ?" ಎಂದ. ಅವನು ಮುಖ ಒರೆಸಿಕೊಂಡು, ಕಂಬಳಿಯನ್ನು ಮಡಿಸಿ ಅಜ್ಜಿಯ ಕೈಗೆ ಕೊಟ್ಟು, "ಹೋಗಾಣ" ಅಂದ. ಅವತ್ತು ಹೆಡ್‌ಮಾಸ್ಟರು ಯಾಕೆ ತಡ ಎಂದು ಕೇಳಿದಾಗ, ಡ್ರೈವರ್ ಮಲಗಿದ್ರು ಸಾರ್ ಎಂದು ಸತ್ಯವನ್ನೇ ಹೇಳಿ ಬೈಸಿಕೊಂಡೆ.

ಅವತ್ತು ದೇವರ ಹತ್ತಿರ ಏನು ಹೇಳಿದೆಯಣ್ಣ ಎಂದು ಬಹಳ ದಿನಗಳ ಮೇಲೆ ಕೇಳಿದೆ. "ಗ್ರೇಸಿ ಅಂದೆ. ಅಷ್ಟೇ. ಅವನೂ ಏನೂ ಅನ್ಲಿಲ್ಲ. ಸಣ್ಣೋಳಿದ್ದಾಗ ಅವಳು ಎಲ್ಲೋ ಬಿದ್ದು ಅತ್ಕಂಡು ಬಂದು ನನ್ನ ತೊಡೆ ಮ್ಯಾಲೆ ಮಲಗಿಬಿಡ್ತಿದ್ಲು. ಯಾಕೆ ಅಂತ ನಾನೇನು ಕೇಳ್ತಿದ್ನಾ? ಹಂಗಾತು ಟೀಚರಮ್ಮ. ನೋವು ಹೋಗ್ಲಿಲ್ಲ. ಅದನ್ನ ಇಡಾಕೆ ಜಾಗ ಸಿಕ್ತು" ಎಂದ. ಅಂದಿನಿಂದ ಬಸ್ಸು ಮತ್ತೆ ಮರದ ಕೆಳಗೆ ನಿಲ್ಲುತ್ತಿತ್ತು.

ನನಗೆ ಹೊಳಲ್ಕೆರೆಗೆ ವರ್ಗವಾಯಿತು. ಸಾಲೋಮಣ್ಣ ಕೆಲಸ ಬಿಟ್ಟ ಮೇಲೆ ಒಮ್ಮೆ ಹಿರಿಯೂರಿನ ಮನೆಗೆ ಹೋಗಿದ್ದೆ. "ಬರ್ರಿ, ಕುಂತ್ಕಳ್ರಿ" ಎಂದು ತಾನು ಕೂತಿದ್ದ ಕುರ್ಚಿಯನ್ನೇ ಬಿಟ್ಟುಕೊಟ್ಟ. ಸಕ್ಕರೆ ಕಾಯಿಲೆಯಲ್ಲಿ ಹೊಟ್ಟೆ ಕರಗಿ ಅಂಗಿ ಜೋತಾಡುತ್ತಿತ್ತು. ಈಗಿನ ಡ್ರೈವರ್ ಮರದ ಹತ್ತಿರ ನಿಲ್ಲಿಸುವುದಿಲ್ಲ ಎಂದು ನಾನು ಚಾಡಿ ಹೇಳಿದೆ. "ಪಾಪ, ಅವನಿಗೆ ಟೈಮಿಗೆ ಮುಟ್ಟಿಸ್ಬೇಕು. ನಾನೇನು ದೇವರನ್ನ ಆ ಮರಕ್ಕೆ ಕಟ್ಟಿಹಾಕಿ ಬಂದಿದೀನಾ?" ಎಂದು ನಕ್ಕ. ಅದೇ ಕೊನೆಯ ಭೇಟಿ.

ಅವನು ಹೋದ ಸುದ್ದಿ ಬಂದ ಬೆಳಿಗ್ಗೆ ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಹಿರಿಯೂರಿಗೆ ಹೊರಟೆ. ಮಾಡದಕೆರೆ ದಾಟಿತು. ಮರ ಬಂತು. ಬಸ್ಸು ನಿಲ್ಲಲಿಲ್ಲ. ನಾನು ಮುಂದಿನ ಸೀಟಿನ ಕಂಬಿಯ ಮೇಲೆ ತೋಳು ಮಡಿಸಿ ಹಣೆ ಇಟ್ಟೆ. ಪಕ್ಕದಲ್ಲಿದ್ದ ಹುಡುಗಿ ಗಾಬರಿಯಾಗಿ ನನ್ನ ಭುಜ ಮುಟ್ಟಿ, "ಏನಾತಮ್ಮ, ತಲೆ ಸುತ್ತುತೈತಾ?" ಎಂದಳು.

"ಇಲ್ಲವ್ವ" ಎಂದೆ, "ಒಂದೀಟು ಹೋಗಿ ಬರ್ತೀನಿ."