ಸ್ಲೇಟಿನ ಮೇಲಿನ ಹಿಟ್ ಪರೇಡ್

ಬೆಳಿಗ್ಗೆ ಮಗಳು ಫೋನನ್ನು ನನ್ನ ಮೂಗಿಗೇ ಹಿಡಿದು, "ಅಪ್ಪಾ, ಈ ಹಾಡು ಇಡೀ ದೇಶಕ್ಕ ನಂಬರ್ ಒನ್ ಐತಿ, ನೋಡು" ಎಂದಳು. ದೇಶ ನನ್ನನ್ನಂತೂ ಕೇಳಿರಲಿಲ್ಲ. ನಿಮ್ಮನ್ನೇನಾದರೂ ಕೇಳಿತ್ತೇ?

ಇಂಥ ಪಟ್ಟಿಗೆ ನಮ್ಮ ಕಾಲದಲ್ಲಿ ಹಿಟ್ ಪರೇಡ್ ಎನ್ನುತ್ತಿದ್ದರು. ಪದ ಹುಟ್ಟಿದ್ದು ಅಮೆರಿಕದಲ್ಲಂತೆ. ಜನ ಮೆಚ್ಚಿ ಖರೀದಿಸಿದ ಹಾಡುಗಳು ಕ್ರಮವಾಗಿ ಸಾಲುಗಟ್ಟಿ ಮೆರೆಯುವುದೇ ಅದರ ಅರ್ಥವಂತೆ. ಓದಿದವರು ಹೇಳುತ್ತಾರೆ, ಇರಬಹುದು. ನನ್ನ ಮಟ್ಟಿಗೆ ಅದು ಹುಟ್ಟಿದ್ದು ಟಿ.ಬಿ. ಡ್ಯಾಂ ಬಸ್ ಸ್ಟಾಪಿನೆದುರು, ಕೊಟ್ರಣ್ಣನ ಕ್ಯಾಸೆಟ್ ಅಂಗಡಿಯಲ್ಲಿ.

ಕೊಟ್ರಣ್ಣ ಪ್ರತಿ ಸೋಮವಾರ ಊದುಬತ್ತಿ ಹಚ್ಚಿ, ಹತ್ತು ಕ್ಯಾಸೆಟ್ಟುಗಳ ಹೆಸರನ್ನು ಸ್ಲೇಟಿನ ಮೇಲೆ ಬರೆದು ಬಾಗಿಲಿಗೆ ತೂಗುಹಾಕುತ್ತಿದ್ದ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವರು ಮನೆಗೂ ಹೋಗದೆ ಅದನ್ನು ಓದುತ್ತಿದ್ದರು. ಕಾಲುವೆ ಆಫೀಸಿನಲ್ಲಿ ಗುಮಾಸ್ತನಾಗಿದ್ದು, ಸಂಜೆ ಬಿಟ್ಟಿ ಹಾಡು ಕೇಳಲು ಹೋಗುತ್ತಿದ್ದ ನಾನು ಒಮ್ಮೆ ಕೇಳಿದೆ: "ಅಣ್ಣಾ, ಇದನ್ನ ಯಾರು ಆರಿಸ್ತಾರ?"

"ಧೂಳು ಆರಿಸ್ತೈತಿ. ಯಾವುದರ ಮ್ಯಾಲ ಭಾಳ ಧೂಳು ಕುಂತಿರ್ತೈತೋ ಅದು ನಂಬರ್ ಒನ್. ಮಾರೋದನ್ನ ಯಾಕ ಬರೀಬೇಕಲೇ, ಅದು ಹೆಂಗೂ ಮಾರತೈತಿ!"

ಈ ಪರಮಜ್ಞಾನ ತಲೆಗೇರಿ ನಾನು ಮೆರೆಯುತ್ತಿದ್ದಾಗಲೇ, ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ನಮ್ಮಪ್ಪ ಭಜನೆಯ ಗೆಳೆಯರೊಂದಿಗೆ ಒಂದು ಕ್ಯಾಸೆಟ್ ಹಾಡಿಬಿಟ್ಟ. ಪ್ರತಿಗಳನ್ನು ಕೊಟ್ರಣ್ಣನಲ್ಲಿ ಇಟ್ಟದ್ದಾಯಿತು. ಒಂದೂ ಕದಲಲಿಲ್ಲ. ಊರಿಗೆ ಹೋದಾಗಲೆಲ್ಲ ಅಪ್ಪ, "ಯಾರರ ಕೇಳಿದ್ರೇನಲೇ?" ಎನ್ನುತ್ತಿದ್ದ. ನಾನು ಬಸ್ಸು ತಡವಾದ ಕಥೆ ಹೇಳುತ್ತಿದ್ದೆ.

ಒಂದು ಸೋಮವಾರ ಸ್ಲೇಟಿನ ತುತ್ತತುದಿಯಲ್ಲಿ ಅಪ್ಪನ ಹೆಸರು! ಸುದ್ದಿ ಕಂಪ್ಲಿಗೆ ಮುಟ್ಟಿ, ಮರುದಿನವೇ ಅಪ್ಪ ಇಸ್ತ್ರಿ ಮಾಡಿದ ಧೋತರ ಉಟ್ಟು ಬಸ್ಸಿಳಿದ. ಸ್ಲೇಟಿನ ಮುಂದೆ ಬಹಳ ಹೊತ್ತು ನಿಂತ. ಧೂಳಿನ ಗುಟ್ಟನ್ನು ಯಾರಾದರೂ ಒದರಿಬಿಟ್ಟರೆ ಎಂಬ ಭಯ ನನಗೆ. ಅವನನ್ನು ಅವಸರವಾಗಿ ಚಹಾದಂಗಡಿಗೆ ಎಳೆದೊಯ್ದೆ.

ಚಹಾ ಕುಡಿಯುತ್ತಾ ಅಪ್ಪನೇ ಅಂದ: "ಗಿರಣ್ಯಾಗ ನಾವೂ ಖರ್ಚಾಗದ ಚೀಲಾನ ಮುಂದ ಇಡ್ತೀವಿ. ನನಗ ತಿಳಿಯಂಗಿಲ್ಲೇನಲೇ? ಆದ್ರ ಹೆಸರು ಮಾತ್ರ ಭಾಳ ಛಲೋ ಬರದಾನ."

ಬಸ್ಸು ಹತ್ತುವ ಮುನ್ನ ಹೋಗಿ ಇನ್ನೊಮ್ಮೆ ಓದಿ ಬಂದ. ನನ್ನ ಜಾಣತನದ ಬಗ್ಗೆ ನನಗೆ ಮೊದಲ ಸಲ ನಾಚಿಕೆಯಾಯಿತು.

ಮಗಳ ಫೋನನ್ನು ಹೀಯಾಳಿಸಲು ತೆರೆದಿದ್ದ ಬಾಯಿಯನ್ನು ಮುಚ್ಚಿದೆ. ಆ ಪಟ್ಟಿಯ ಮುಂದೆಯೂ ಯಾರ ಅಪ್ಪ ಇಸ್ತ್ರಿ ಧೋತರ ಉಟ್ಟು ನಿಂತಿದ್ದಾನೋ.

"ಹಚ್ಚವ್ವ, ಕೇಳೂಣು" ಅಂದೆ.

ಹಾಡು ಕೆಟ್ಟದಾಗಿತ್ತು. ಪೂರ್ತಿ ಕೇಳಿದೆ.